ಕನ್ನಡಿ ಹಿಡಿದ ಕೈ

ಪಾತ್ರೆಗಳ ತಳದಲ್ಲಿ ಹೆಸರುಗಳಿದ್ದವು. ಅಂಟುಪಟ್ಟಿಯ ಮೇಲೆ ಶಾಯಿಯಲ್ಲಿ ಬರೆದ ಹೆಸರುಗಳು. ಜೂಡಿತ್ ಒಂದೊಂದನ್ನೇ ತೊಳೆದು, ಒರೆಸಿ, ಬೋರಲು ಹಾಕಿ ಓದಿದಳು. ಮಿಸೆಸ್ ಗೇಜ್. ಮಿಸೆಸ್ ಟಟಲ್. ಮತ್ತೆ ಮಿಸೆಸ್ ಗೇಜ್.

ಆಲ್ಡರ್‌ಹ್ಯಾಮ್‌ನಲ್ಲಿ ಸಾವಾದ ಮನೆಗೆ ಊರಿನ ಊಟ ಬರುತ್ತದೆ. ಮಣ್ಣಾದ ಮರುದಿನದಿಂದ ಪಾತ್ರೆಗಳು ಹಿಂದಿರುಗಬೇಕು. ಯಾರದು ಯಾರದೋ ಮನೆಗೆ ಹೋದರೆ ಆ ಮಾತು ಹತ್ತು ವರ್ಷ ಉಳಿಯುತ್ತದೆ.

ಗಂಡ ರಸಲ್ ಟ್ರಾಸ್ಕ್‌ನನ್ನು ಮಣ್ಣು ಮಾಡಿ ಒಂದು ರಾತ್ರಿ ಕಳೆದಿತ್ತು. ಹಾಲಿನವನು ಎಂದಿನಂತೆ ಎರಡು ಬಾಟಲಿ ಇಟ್ಟು ಹೋಗಿದ್ದ. ಇನ್ನು ಒಂದು ಸಾಕೆಂದು ಅವನಿಗೆ ಹೇಳಬೇಕಿತ್ತು. ಜೂಡಿತ್‌ಗೆ ಇಪ್ಪತ್ತೊಂಬತ್ತು ವರ್ಷ. ಅವಳು ಒಂದು ಬಾಟಲಿಯನ್ನು ಒಳಗಿಟ್ಟು, ಇನ್ನೊಂದನ್ನು ಮೆಟ್ಟಿಲ ಮೇಲೆಯೇ ಬಿಟ್ಟಳು.

ಕೊನೆಯ ಪಾತ್ರೆ ಕಂದು ಬಣ್ಣದ ಬೀನ್ಸ್ ಮಡಕೆ. ಅದರ ತಳದಲ್ಲಿ ವ್ಯಕ್ತಿಯ ಹೆಸರಿರಲಿಲ್ಲ. ‘ಪಾದ್ರಿ ಮನೆ, ೯’ ಎಂದಿತ್ತು. ಪಾದ್ರಿ ಮನೆಯಲ್ಲಿ ಚಮಚವೂ ಪಾದ್ರಿಯದಲ್ಲ, ಚರ್ಚಿನದು. ಅವಳು ಮಡಕೆಗೆ ಬಿಸಿನೀರು ಸುರಿದು ನೆನೆಯಲು ಬಿಟ್ಟಳು.

ಹಿಂಬಾಗಿಲ ಗಾಜಿನ ಮೇಲೆ ಬೆರಳಿನ ಸದ್ದಾಯಿತು. ಹೊರಗೆ ಪಾದ್ರಿ ಲೋಥ್ರಪ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಬರಬಹುದಾ, ಜೂಡಿತ್?"

"ತೆಗೆದೇ ಇದೆ, ಬನ್ನಿ."

ಈ ಊರಿನಲ್ಲಿ ಹಿಂಬಾಗಿಲು ಯಾವಾಗಲೂ ತೆಗೆದೇ ಇರುತ್ತದೆ. ಬೀಗ ಹಾಕುವವರು ಬೇಸಿಗೆಗೆ ಬರುವ ಬಾಸ್ಟನ್‌ನವರು ಮಾತ್ರ.

"ರಾತ್ರಿ ನಿದ್ದೆ ಬಂತಾ?"

"ಬಂತು." ಅದು ನಿಜವಾಗಿತ್ತು. "ನಿಮ್ಮ ಮಡಕೆ ಇನ್ನೂ ನೆನೀತಾ ಇದೆ. ಬೀನ್ಸ್ ತಳ ಹಿಡಿದಿತ್ತು."

"ನಾನೇ ಬೇಯಿಸಿದ್ದು. ತಪ್ಪಾಯ್ತು."

"ಉಪ್ಪೂ ಇರಲಿಲ್ಲ."

ಪಾದ್ರಿ ಮೆಲ್ಲಗೆ ನಕ್ಕರು. ನಲವತ್ತೈದರ ಒಂಟಿ ಮನುಷ್ಯ, ಊರಿಗೆ ಬಂದು ಆರು ವರ್ಷ. ಹೋದ ಶುಕ್ರವಾರ ಪೋರ್ಟ್‌ಲ್ಯಾಂಡಿನ ಅವಳ ಅಕ್ಕನ ಮನೆಗೆ ಫೋನ್ ಮಾಡಿ ಸುದ್ದಿ ತಿಳಿಸಿದವರು ಇವರೇ. ನಿನ್ನೆ ಸಮಾಧಿಯ ಹೊಂಡದ ಅಂಚಿನಲ್ಲಿ ಅವಳ ಮೊಣಕೈ ಹಿಡಿದು ನಿಂತವರೂ ಇವರೇ.

ಅವರ ಕಣ್ಣು ಬಾಗಿಲ ಹಿಂದೆ ಹೋಯಿತು. ಅಲ್ಲಿ ಹೂವಿನ ಬಟ್ಟೆ ಸುತ್ತಿದ, ಆಳೆತ್ತರದ ಚಪ್ಪಟೆ ವಸ್ತುವೊಂದು ಗೋಡೆಗೆ ಒರಗಿತ್ತು.

"ಹೊಲಿಗೆ ಅಂಗಡಿ ಮಿಸ್ ಆಲ್ಮಾ ಅವರ ಕನ್ನಡಿ ಇನ್ನೂ ಇಲ್ಲೇ ಇದೆಯಲ್ಲ. ಭಾರ ಇರುತ್ತೆ. ಹೇಗೂ ಆ ಕಡೆ ಹೋಗ್ತಿದೀನಿ, ಕೊಟ್ಟುಬಿಡ್ತೀನಿ."

"ಬೇಡಿ. ನಾನು ಕೊಡ್ತೀನಿ."

"ಅವರಿಗೇನೂ ಅವಸರ ಇರಲ್ಲ. ನೀವು ಒಂದೆರಡು ದಿನ ಸುಮ್ಮನೆ ಕೂತ್ಕೊಂಡ್ರೆ..."

"ಅವನು ಕೇಳಿ ತಂದದ್ದು. ನಾನೇ ಕೊಡಬೇಕು."

ಪಾದ್ರಿಯ ಕೈ ಆಗಲೇ ಬಟ್ಟೆಯ ಗಂಟಿನ ಮೇಲಿತ್ತು. ಅವರು ಅದನ್ನು ಹಿಂದಕ್ಕೆ ತೆಗೆದು ಟೋಪಿಯ ಅಂಚಿಗೆ ಹಚ್ಚಿದರು. ದೇವರು ನಿಮ್ಮ ಜೊತೆಗಿರಲಿ ಎಂದು ಹೇಳಿ ಹೊರಟರು.

* * *

ಹಡಗು ಹತ್ತಿ ಬಂದ ಮೊದಲಿಗನಿಂದ ಇವತ್ತಿನವರೆಗೆ ತಲೆಮಾರು ಜೋಡಿಸುವುದು ರಸಲ್‌ನ ಕೆಲಸವಾಗಿತ್ತು. ಬರುವ ವರ್ಷ, ಸಾವಿರದ ಒಂಬೈನೂರ ಅರವತ್ತಕ್ಕೆ, ಊರಿಗೆ ಮುನ್ನೂರ ಇಪ್ಪತ್ತೈದು ತುಂಬುತ್ತದೆ. ಊರು ಕಟ್ಟಿದ ಐಸಾಕ್ ಹ್ಯಾಸ್ಕೆಟ್‌ನ ವಂಶಾವಳಿ ಬರೆದುಕೊಡು ಎಂದು ಉತ್ಸವ ಸಮಿತಿ ಅವನನ್ನು ಕೇಳಿತ್ತು. ಅವನು ಬರೆಯುತ್ತ ಬರೆಯುತ್ತ ಒಂದು ಕಲ್ಲಿನ ಹತ್ತಿರ ನಿಂತ. ಹಳೆಯ ಸಮಾಧಿ ಗುಡ್ಡದಲ್ಲಿ, ಸ್ಪ್ರೂಸ್ ಮರಗಳ ಕೆಳಗೆ, ಅರ್ಧ ಹೂತುಹೋಗಿದ್ದ ಚಿಕ್ಕ ಕರಿಕಲ್ಲು. ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿ ನಿಲ್ಲಿಸಿದರು. ಅಕ್ಷರ ಸವೆದುಹೋಗಿತ್ತು.

ಅಂಥ ಕಲ್ಲು ನೇರ ಬೆಳಕಿಗೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ದೂರ ನಿಂತು, ದೊಡ್ಡ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಬೇಕು. ಆಗ ಕೂದಲೆಳೆಯ ಗೀರೂ ನೆರಳಾಗಿ ಎದ್ದು ಬರುತ್ತದೆ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಓದಬೇಕು. ಮೂರು ವರ್ಷ ರಸಲ್ ಓದಿದ್ದ, ಜೂಡಿತ್ ಹಿಡಿದಿದ್ದಳು.

ಅವರ ಸ್ವಂತ ಕನ್ನಡಿ ಸೆಪ್ಟೆಂಬರಿನಲ್ಲೇ ಮನೆಯಂಗಳದಲ್ಲಿ ಅವಳ ಕೈಜಾರಿ ಒಡೆದಿತ್ತು. ಅವಳು ಅಕ್ಕನ ಮನೆಗೆ ಹೋದ ಮರುದಿನ, ಬುಧವಾರ, ರಸಲ್ ಫೋನ್ ಮಾಡಿದ್ದ.

"ಆಲ್ಮಾ ಹತ್ರ ಕನ್ನಡಿ ಕೇಳಿ ತಂದಿದೀನಿ. ಇವತ್ತು ಬೆಳಗಿಂದ ಮಳೆ. ನಾಳೆ ಬಿಸಿಲು ಬಂದ್ರೆ ಓದೇಬಿಡ್ತೀನಿ."

"ಯಾರು ಹಿಡೀತಾರೆ?"

"ಯಾರಾದ್ರೂ ಸಿಕ್ತಾರೆ ಬಿಡು."

ಅದೇ ಕೊನೆಯ ಮಾತು. ಗುರುವಾರ ಸಂಜೆ ಅವನು ಗುಡ್ಡದ ಕಡಲ ಬದಿಯ ಗೋಡೆಯಾಚೆ ಬಿದ್ದಿದ್ದ. ಶುಕ್ರವಾರ ಬೆಳಿಗ್ಗೆ ನಾಯಿ ಜೊತೆ ನಡೆಯಲು ಹೋದವರು ಕಂಡರು. ಬಿದ್ದ ಮೇಲೂ ಮೂರು ತಾಸು ಜೀವವಿತ್ತು ಎಂದು ವೈದ್ಯರು ಹೇಳಿದರು. ಯಾರಾದರೂ ನೆರವು ಕರೆದಿದ್ದರೆ ಉಳಿಯುತ್ತಿದ್ದ ಎಂಬುದನ್ನು ಅವರು ತಾವಾಗಿ ಹೇಳಲಿಲ್ಲ. ಜೂಡಿತ್ ಕೇಳಿದ್ದರಿಂದ ಹೇಳಿದರು.

ಪೊಲೀಸ್ ಸಾರ್ಜೆಂಟ್ ಅವಳ ಅಡುಗೆಮನೆಗೆ ಬಂದು ಹೂಬಟ್ಟೆಯ ತುದಿ ಎತ್ತಿ ನೋಡಿದ್ದ. "ಕನ್ನಡಿ ಮನೇಲೇ ಇದೆ, ಮೇಡಂ. ಅಂದ್ರೆ ಅವರು ಕೆಲಸಕ್ಕೆ ಹೋಗಿಲ್ಲ. ಸುಮ್ಮನೆ ನಡೀತಾ ಹೋಗಿದ್ದಾರೆ, ಒದ್ದೆ ಎಲೆ ಮೇಲೆ ಜಾರಿದ್ದಾರೆ. ಒಬ್ಬರೇ ಇದ್ದರು."

ಒಬ್ಬನೇ ಇದ್ದನೇ? ಜೂಡಿತ್‌ಗೆ ತಿಳಿಯಬೇಕಾದದ್ದು ಅದೊಂದೇ. ಉಳಿದದ್ದಕ್ಕೆ ಅಳಬಹುದಿತ್ತು, ಆದರೆ ಅಳು ಬಂದಿರಲಿಲ್ಲ.

* * *

ಹತ್ತು ಗಂಟೆಗೆ ಅವಳು ಪಾತ್ರೆಗಳ ಬುಟ್ಟಿಯನ್ನೂ ಕನ್ನಡಿಯನ್ನೂ ಕಾರಿಗೆ ಹಾಕಿದಳು. ಮೊದಲು ಔಷಧದ ಅಂಗಡಿಗೆ ಹೋದಳು. ರಸಲ್‌ನ ಕುತ್ತಿಗೆಯಲ್ಲಿದ್ದ ಕ್ಯಾಮೆರಾವನ್ನು ಪೊಲೀಸರು ಶನಿವಾರ ಕೊಟ್ಟಿದ್ದರು. ಅದರಲ್ಲಿದ್ದ ಫಿಲಂ ಸುರುಳಿಯನ್ನು ಅವಳು ತೊಳೆಸಲು ಆ ಅಂಗಡಿಗೇ ಕೊಟ್ಟಿದ್ದಳು.

"ಮೊದಲನೇದು ನಿಂದು ಕಣಮ್ಮ, ಚೆನ್ನಾಗಿ ಬಂದಿದೆ," ಎಂದಳು ಅಂಗಡಿಯಾಕೆ, ಲಕೋಟೆ ದಾಟಿಸುತ್ತ. "ಮಿಕ್ಕಿದ್ದೆಲ್ಲ ಬರೀ ಕಲ್ಲು."

"ಅವನಿಗೆ ಅದೇ ಇಷ್ಟ ಇತ್ತು."

ಅಂಗಡಿಯಾಕೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಜೂಡಿತ್ ಅವಳಿಗಾಗಿ ಸ್ವಲ್ಪ ನಕ್ಕಳು.

ಕಾರಿನಲ್ಲಿ ಕೂತು ಲಕೋಟೆ ಒಡೆದಳು. ಹನ್ನೆರಡು ಚಿತ್ರಗಳ ಸುರುಳಿಯಲ್ಲಿ ಒಂಬತ್ತು ಬಂದಿದ್ದವು. ಮೊದಲನೆಯದರಲ್ಲಿ ಅವಳು ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಅದು ಮಂಗಳವಾರ. ಬುಧವಾರ ಇಡೀ ದಿನ ಮಳೆ. ಹಾಗಾದರೆ ಉಳಿದ ಎಂಟೂ ಗುರುವಾರದವು.

ಎರಡರಲ್ಲಿ ಕಲ್ಲು ನೆರಳಿನಲ್ಲಿ ಕಪ್ಪಗಿತ್ತು. ಏನೂ ಕಾಣದು. ಮುಂದಿನ ಆರರಲ್ಲಿ ಕಲ್ಲಿನ ಮೇಲೆ ಎಡದಿಂದ ಬೆಳಕಿನ ಪಟ್ಟಿ ಬಿದ್ದಿತ್ತು. ಮೊದಲ ಚಿತ್ರದಲ್ಲಿ ಪಟ್ಟಿ ಮೇಲಿನ ಸಾಲಿನ ಮೇಲೆ. ಮುಂದಿನದರಲ್ಲಿ ಒಂದು ಸಾಲು ಕೆಳಗೆ. ಅದರ ಮುಂದಿನದರಲ್ಲಿ ಇನ್ನೂ ಕೆಳಗೆ.

ಸ್ವಲ್ಪ ಇಳಿಸು, ಇನ್ನೂ ಸ್ವಲ್ಪ, ಹಾಂ, ಅಲ್ಲೇ ಇರು. ಮೂರು ವರ್ಷ ಅವನು ಅವಳಿಗೆ ಹೀಗೇ ಹೇಳುತ್ತಿದ್ದ.

ಒರಗಿಸಿಟ್ಟ ಕನ್ನಡಿ ಮಾತು ಕೇಳುವುದಿಲ್ಲ. ಇದು ಕೇಳಿತ್ತು.

* * *

ಗುಡ್ಡದ ಮೇಲೆ ಗಾಳಿಯಿತ್ತು. ಅವಳು ಚಿತ್ರ ಹಿಡಿದು, ಕಲ್ಲಿನೆದುರು ರಸಲ್ ನಿಂತಿರಬೇಕಾದ ಜಾಗದಲ್ಲಿ ನಿಂತಳು. ಎಡಕ್ಕೆ ತಿರುಗಿ ನೆರಳು ಮುಗಿದು ಬಿಸಿಲು ಶುರುವಾಗುವವರೆಗೆ ಎಣಿಸುತ್ತ ನಡೆದಳು. ಎಂಟು ಹೆಜ್ಜೆ.

ಅಲ್ಲಿ ಕಲ್ಲಿಲ್ಲ, ಮರವಿಲ್ಲ. ಕನ್ನಡಿ ಒರಗಿಸಲು ಏನೂ ಇಲ್ಲ. ಬರೀ ಹುಲ್ಲು. ಎರಡು ಹೆಜ್ಜೆ ಹಿಂದೆ ಮೊಣಕಾಲೆತ್ತರದ ಗೋಡೆ. ಗೋಡೆಯಾಚೆ ಹತ್ತು ಅಡಿ ಕೆಳಗೆ ಬಂಡೆಗಳು. ಅವನು ಬಿದ್ದಲ್ಲಿ ಪೊಲೀಸರು ನೆಟ್ಟ ಗೂಟ ಇನ್ನೂ ಅಲ್ಲೇ ಇತ್ತು.

ರಸಲ್ ಬಿದ್ದದ್ದು ಕಲ್ಲಿನ ಹತ್ತಿರವಲ್ಲ. ಕನ್ನಡಿ ಹಿಡಿದವರ ಹತ್ತಿರ.

ಅವಳು ಕೂತು ಹುಲ್ಲಿನಲ್ಲಿ ಕೈಯಾಡಿಸಿದಳು. ಬಹಳ ಹೊತ್ತು ಬೇಕಾಗಲಿಲ್ಲ. ಹೆಬ್ಬೆರಳ ಉಗುರಿನಷ್ಟು ಗಾಜಿನ ಚೂರು ಸಿಕ್ಕಿತು. ಒಂದು ಬದಿ ಬೂದು, ಇನ್ನೊಂದು ಬದಿಯಲ್ಲಿ ಆಕಾಶ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿದಳು.

ಕಾರಿಗೆ ಬಂದು ಹೂಬಟ್ಟೆಯನ್ನು ತುಸು ಸರಿಸಿ ನೋಡಿದಳು. ಕನ್ನಡಿಯ ನಾಲ್ಕು ಮೂಲೆಯೂ ನೆಟ್ಟಗಿತ್ತು. ಎಲ್ಲೂ ಒಂದು ಬಿರುಕಿಲ್ಲ.

ಉತ್ತರವಿಲ್ಲದ್ದನ್ನು ಪಕ್ಕಕ್ಕಿಟ್ಟು ಮುಂದಿನ ಸಾಲು ಓದು ಎನ್ನುತ್ತಿದ್ದ ರಸಲ್. ಅವಳು ಬಟ್ಟೆ ಮುಚ್ಚಿದಳು. ಮಿಸೆಸ್ ಗೇಜ್‌ಳ ಮೂರು ಪಾತ್ರೆ, ಮಿಸೆಸ್ ಟಟಲ್‌ಳ ಎರಡು, ದಾರಿಯಲ್ಲೇ ಕೊಟ್ಟಳು. ಇಬ್ಬರ ಮನೆಯಲ್ಲೂ ಕಾಫಿ ಕುಡಿಯಬೇಕಾಯಿತು. ಗೇಜ್‌ಳ ಮನೆಯಲ್ಲಿ ಕೇಕನ್ನೂ ತಿನ್ನಬೇಕಾಯಿತು. ಅಲ್ಲಿಂದ ಹೊರಟಾಗ ಮೂರು ಗಂಟೆ.

* * *

ಆ ಕಲ್ಲು ಓದಬಾರದೆಂದು ಬಯಸುವವರು ಊರಿನಲ್ಲಿ ಒಬ್ಬರೇ ಇದ್ದರು. ವಾರೆನ್ ಹ್ಯಾಸ್ಕೆಟ್. ಐಸಾಕನ ಹತ್ತನೆಯ ತಲೆಮಾರು, ಉತ್ಸವ ಸಮಿತಿಯ ಅಧ್ಯಕ್ಷ. "ಆ ಕಲ್ಲು ನೆಲದಲ್ಲೇ ಇರಲಿ ಬಿಡಪ್ಪ," ಎಂದು ಆಗಸ್ಟಿನಲ್ಲಿ ತುಂಬಿದ ಸಭೆಯಲ್ಲಿ ಅವನು ರಸಲ್‌ಗೆ ಹೇಳಿದ್ದ. ಅದಾದ ವಾರದಲ್ಲೇ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ.

ಈಗ ಅವನು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ, ಮೊಣಕಾಲ ಮೇಲೆ ಕಂಬಳಿ.

"ಕೂತ್ಕೋ."

"ನಿಂತೇ ಇರ್ತೀನಿ."

"ನಿಂತ್ಕೋ ಹಾಗಾದ್ರೆ. ನನಗಂತೂ ಆ ಭಾಗ್ಯ ಇಲ್ಲ."

"ಗುರುವಾರ ಗುಡ್ಡಕ್ಕೆ ಯಾರನ್ನ ಕಳಿಸಿದ್ರಿ, ಮಿಸ್ಟರ್ ಹ್ಯಾಸ್ಕೆಟ್?"

"ಯಾತಕ್ಕೆ?"

"ಕನ್ನಡಿ ಹಿಡಿಯೋಕೆ."

ಅವನು ಅವಳನ್ನೇ ನೋಡಿದ. ಎಪ್ಪತ್ತರ ಮುಖ, ಹದ್ದಿನ ಮೂಗು.

"ನಾನು ಕಳಿಸೋದಾಗಿದ್ರೆ ಹಿಡಿಯೋರನ್ನ ಕಳಿಸ್ತಿರಲಿಲ್ಲ ಕಣಮ್ಮ. ಒಡೆಯೋರನ್ನ ಕಳಿಸ್ತಿದ್ದೆ."

ಜೂಡಿತ್‌ಳ ಕೈ ಕೋಟಿನ ಜೇಬಿನೊಳಗೆ ಕರವಸ್ತ್ರದ ಮೇಲಿತ್ತು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಆರು ಚಿತ್ರಗಳನ್ನು ಅವನ ಕಂಬಳಿಯ ಮೇಲೆ ಸಾಲಾಗಿ ಇಟ್ಟು, ಅವನ ಮುಖವನ್ನೇ ನೋಡುತ್ತ ನಿಂತಳು.

ಹ್ಯಾಸ್ಕೆಟ್ ಭೂತಗನ್ನಡಿ ಎತ್ತಿಕೊಂಡ. ತುಟಿಯಾಡಿಸುತ್ತ ಓದಿದ. ಇಲ್ಲಿ ಮಲಗಿದ್ದಾನೆ ಜೋಸೆಫ್. ಐಸಾಕ್ ಹ್ಯಾಸ್ಕೆಟನ ಒಬ್ಬನೇ ಮಗ. ವಯಸ್ಸು ಹನ್ನೊಂದು. ೧೬೬೯.

ಅವನು ಮತ್ತೆ ಮೊದಲಿನಿಂದ ಓದಿದ. ಭೂತಗನ್ನಡಿಯ ವೃತ್ತ ಕೊನೆಯ ಚಿತ್ರದ ಮೇಲೆ ನಿಂತಿತು. ನಟಿಸುವವರು ಬೇಗ ಮಾತಾಡುತ್ತಾರೆ. ಅವನು ಮಾತಾಡಲು ಬಹಳ ಹೊತ್ತು ಹಿಡಿಯಿತು.

"ನಮ್ಮ ಜೋಸೆಫ್ ಸತ್ತದ್ದು ಎಪ್ಪತ್ತೆರಡನೇ ವಯಸ್ಸಿಗೆ," ಎಂದ. "ಏಳು ಮಕ್ಕಳು. ಎರಡನೇ ಮಗನ ಕಡೆಯಿಂದ ನಾನು."

"ಗೊತ್ತು."

"ಹಾಗಾದ್ರೆ ಇದು ಮೊದಲನೇ ಜೋಸೆಫ್. ಆಗೆಲ್ಲ ಹಾಗೇ ಅಲ್ವಾ? ಮಗು ಹೋದ್ರೆ ಅದರ ಹೆಸರು ಮುಂದಿನದಕ್ಕೆ. ಹೆಸರು ಖಾಲಿ ಬಿಡ್ತಿರಲಿಲ್ಲ. ನಮ್ಮ ಮನೇಲೇ ಮೂರು ಮರ್ಸಿ ಇದ್ದರು, ಇಬ್ಬರು ತೊಟ್ಟಿಲಲ್ಲೇ ಹೋದರು."

"ಮುಂದಿನದು ಹುಟ್ಟೋಕೆ ತಾಯಿ ಬೇಕು. ಐಸಾಕನ ಹೆಂಡತಿ ಮಗನಿಗಿಂತ ಎರಡು ವರ್ಷ ಮೊದಲೇ ತೀರಿಹೋದಳು. ಅವನು ಮತ್ತೆ ಮದುವೆ ಆಗಲಿಲ್ಲ. ಅವಳ ಕಲ್ಲು ಪಕ್ಕದಲ್ಲೇ ಇದೆ. ಅದನ್ನ ಓದೋಕೆ ಕನ್ನಡಿ ಬೇಡ."

"ಮತ್ತೆ?"

"ಮನೇಲಿ ಇನ್ನೊಬ್ಬ ಹುಡುಗ ಇದ್ದ. ಹಿಂದಿನ ವರ್ಷ ಬ್ರಿಸ್ಟಲ್‌ನಿಂದ ಹಡಗಲ್ಲಿ ಬಂದವನು. ಜೀತಕ್ಕೆ. ಹಡಗಿನ ಪಟ್ಟಿಯಲ್ಲಿ ‘ಹ್ಯಾಸ್ಕೆಟ್‌ಗೆ ಒಬ್ಬ ಹುಡುಗ’ ಅಂತ ಬರೆದಿದಾರೆ, ಅಷ್ಟೇ. ಇದಾದ ಮೇಲೆ ಆ ಹುಡುಗ ಯಾವ ಕಾಗದದಲ್ಲೂ ಇಲ್ಲ. ಜೋಸೆಫ್ ಮಾತ್ರ ಎಲ್ಲ ಕಾಗದದಲ್ಲೂ ಇದಾನೆ. ಸತ್ತ ಮಗನ ಹೆಸರನ್ನ ಐಸಾಕ್ ಆ ಹುಡುಗನಿಗೆ ಇಟ್ಟ ಅಂತ ರಸಲ್‌ನ ಲೆಕ್ಕ. ಮನೆ, ಜಮೀನು, ಎಲ್ಲ ಹೆಸರಿನ ಹಿಂದೆ ಹೋಯ್ತು."

ಹ್ಯಾಸ್ಕೆಟ್ ಕಿಟಕಿಯಾಚೆ ನೋಡಿದ. ಚೌಕದಲ್ಲಿ ಪ್ರತಿಮೆಯ ಪೀಠ ಆಗಲೇ ಸಿದ್ಧವಾಗಿತ್ತು.

"ಅಂದ್ರೆ ನಾನು ಯಜಮಾನನ ಕುಡಿ ಅಲ್ಲ, ಯಜಮಾನನ ಬೂಟು ಒರೆಸಿದವನ ಕುಡಿ."

"ಇರಬಹುದು."

"ಐಸಾಕನ ಚಿತ್ರ ಎಲ್ಲೂ ಇಲ್ಲ ಅಂತ ಶಿಲ್ಪಿ ನನ್ನ ಮೂಗು ನೋಡಿ ಅವನ ಮೂಗು ಕೆತ್ತಿದ." ಅವನ ಗಂಟಲಿನಿಂದ ಒಣ ನಗು ಬಂತು. "ಊರಿನ ನಡುವೆ ಆಳಿನ ಮೂಗು ಹೊತ್ತು ಯಜಮಾನ ನಿಲ್ತಾನೆ. ನನ್ನ ಸೊಸೆಗೆ ಹೇಳಬೇಡ. ಅವಳು ನನ್ನ ಸೊಂಟಕ್ಕಿಂತ ಜೋರಾಗಿ ಮುರೀತಾಳೆ."

ಜೂಡಿತ್ ಚಿತ್ರಗಳನ್ನು ಜೋಡಿಸಿಕೊಂಡಳು.

"ಅವನ ಹೆಸರೇನು?" ಎಂದು ಹ್ಯಾಸ್ಕೆಟ್ ಕೇಳಿದ.

"ಯಾರದು?"

"ಆ ಹುಡುಗಂದು. ಜೋಸೆಫ್ ಆಗೋ ಮುಂಚೆ. ತಾಯಿ ಏನೋ ಒಂದು ಕರೆದಿರ್ತಾಳಲ್ಲ."

"ಚರ್ಚಿನ ಮೊದಲ ದಾಖಲೆ ಪುಸ್ತಕದಲ್ಲಿ ಇರಬೇಕು. ಹೊಸ ಹೆಸರಿಗೆ ದೀಕ್ಷಾಸ್ನಾನ ಮಾಡಿಸಿದ್ರೆ ಹಳೇ ಹೆಸರನ್ನೂ ಬರೀತಿದ್ದರು. ರಸಲ್ ಮೂರು ಸಲ ಕೇಳಿದ. ಹೊಲಿಗೆ ಬಿಚ್ಚಿದೆ, ಕಟ್ಟೋಕೆ ಬಾಸ್ಟನ್‌ಗೆ ಹೋಗಿದೆ ಅಂತ ಪಾದ್ರಿಗಳು ಹೇಳಿದ್ರಂತೆ."

"ಯಾವಾಗ ಹೋದದ್ದು?"

"ವಸಂತದಲ್ಲಿ."

"ಆರು ತಿಂಗಳು." ಅವನು ಕಂಬಳಿ ಸರಿಮಾಡಿಕೊಂಡ. "ದೇವರು ಪ್ರಪಂಚ ಕಟ್ಟೋಕೇ ಅಷ್ಟು ದಿನ ತಗೊಳ್ಳಲಿಲ್ಲ."

ಅವಳು ಬಾಗಿಲ ಹತ್ತಿರ ಹೋದಾಗ ಅವನು ಮತ್ತೆ ಮಾತಾಡಿದ. "ನಾನು ಯಾರನ್ನೂ ಕಳಿಸಿಲ್ಲ. ನೀನು ನಂಬಲೇಬೇಕು ಅಂತೇನಿಲ್ಲ."

"ನಂಬ್ತೀನಿ."

"ಯಾಕೆ?"

"ಹೆಸರು ಕೇಳಿದ್ರಲ್ಲ."

* * *

ಮಿಸ್ ಆಲ್ಮಾ ಪೆಟಿಂಗಿಲ್‌ಳ ಹೊಲಿಗೆ ಅಂಗಡಿಗೆ ಕನ್ನಡಿ ಹೊತ್ತು ಜೂಡಿತ್ ಬಂದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಆಲ್ಮಾಳ ಬಾಯಿತುಂಬ ಗುಂಡುಸೂಜಿ. ಅವುಗಳ ಸಂದಿಯಿಂದಲೇ ಮಾತಾಡುವುದು ಅವಳಿಗೆ ನಲವತ್ತು ವರ್ಷದ ಅಭ್ಯಾಸ.

"ಬಾರೇ ಹುಡುಗಿ. ಏನಾದ್ರೂ ತಿಂದ್ಯಾ?"

"ಗೇಜ್ ಮನೇಲಿ ಕೇಕ್ ತಿಂದೆ."

"ಅದನ್ನ ತಿನ್ನೋದು ಅನ್ನಲ್ಲ, ಸಹಿಸೋದು ಅಂತಾರೆ." ಆಲ್ಮಾ ಸೂಜಿಗಳನ್ನು ಒಂದೊಂದಾಗಿ ಮೆತ್ತೆಗೆ ಚುಚ್ಚಿದಳು. ಆಮೇಲೆ ಎದ್ದು ಬಂದು ಜೂಡಿತ್‌ಳ ಕೋಟಿನ ಕೊರಳಪಟ್ಟಿ ಸರಿಮಾಡಿದಳು. ಆ ಬೆರಳು ಅಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು. ಅಷ್ಟೇ ಅವಳ ಸಂತಾಪ.

"ಕನ್ನಡಿ ತಂದೆ. ಅವನು ಕೇಳಿ ತಂದಿದ್ದು. ತಡ ಆಯ್ತು."

"ತಡ ಏನು. ವಾರದಿಂದ ಗಿರಾಕಿಗಳಿಗೆ ಕಿಟಕಿ ಗಾಜಲ್ಲೇ ನೋಡ್ಕೊಳ್ಳಿ ಅಂತಿದೀನಿ. ಟಟಲ್ ತನ್ನ ಹೊಸ ಸೊಂಟಪಟ್ಟಿನ ಇಡೀ ಬೀದಿಗೆ ತೋರಿಸಿದಳು. ಇಲ್ಲಿ ಒರಗಿಸು."

ಇಬ್ಬರೂ ಸೇರಿ ಗಂಟು ಬಿಚ್ಚಿದರು. ಆಲ್ಮಾ ಹೂಬಟ್ಟೆಯನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದಳು. ಐದನೆಯ ಮಡಿಕೆಗೆ ಅವಳ ಕೈ ನಿಂತಿತು.

"ಬಟ್ಟೆ ನಂದೇ," ಎಂದಳು. "ಕನ್ನಡಿ ನಂದಲ್ಲ."

ಜೂಡಿತ್ ಬಾಗಿ ಚೌಕಟ್ಟನ್ನು ನೋಡಿದಳು.

"ನಂದರ ಚೌಕಟ್ಟಿನ ಎಡಕ್ಕೆ ಬುಡದಿಂದ ಅಂಗುಲದ ಗೆರೆ ಇದೆ. ಲಂಗದ ಅಂಚು ಎಲ್ಲಿಗೆ ಬರಬೇಕು ಅಂತ ನೋಡೋಕೆ ನಾನೇ ಚಾಕುವಲ್ಲಿ ಗೀರಿದ್ದು. ಇದರಲ್ಲಿ ಎಲ್ಲಿದೆ? ಎತ್ತರ ಅಷ್ಟೇ ಇದೆ, ಮರ ಅಂಥದೇ. ಆದ್ರೆ ಇದು ನಂದಲ್ಲ. ರಸಲ್ ಇದನ್ನ ಎಲ್ಲಿಂದ ತಂದ?"

"ರಸಲ್ ತಂದಿಲ್ಲ."

ಜೂಡಿತ್ ಕರವಸ್ತ್ರ ಬಿಚ್ಚಿ ಗಾಜಿನ ಚೂರನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ಎಲ್ಲಿ ಸಿಕ್ಕಿತೆಂದು ಎರಡು ಮಾತಿನಲ್ಲಿ ಹೇಳಿದಳು. ಆಲ್ಮಾ ಅದನ್ನು ಮುಟ್ಟಲಿಲ್ಲ. ಕನ್ನಡಿಯ ಒಂದು ಬದಿ ಹಿಡಿದು, "ಆ ಕಡೆ ಹಿಡಿ," ಎಂದಳು. ಇಬ್ಬರೂ ಅದನ್ನು ತಿರುಗಿಸಿದರು.

ಬೆನ್ನಿನ ಹಲಗೆಯ ಕೆಳಮೂಲೆಯಲ್ಲಿ ಧೂಳಿನ ಬಣ್ಣಕ್ಕೆ ತಿರುಗಿದ ಅಂಟುಪಟ್ಟಿಯಿತ್ತು. ಅದರ ಮೇಲೆ ಶಾಯಿಯಲ್ಲಿ, ಪಾದ್ರಿ ಮನೆ, ೩೧.

ಬೀದಿಯಲ್ಲಿ ಒಂದು ಲಾರಿ ಹೋಯಿತು. ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು.

"ಮೂವತ್ತೊಂದು," ಎಂದಳು ಆಲ್ಮಾ. ಅವಳ ದನಿ ಸಣ್ಣಗಾಗಿತ್ತು. "ಮೇಲಿನ ಮಲಗೋ ಕೋಣೆ, ಬೀರುವಿನ ಬಾಗಿಲ ಒಳಗಡೆ. ಈ ಚೀಟಿ ನಾನೇ ಅಂಟಿಸಿದ್ದು. ಹಿಂದಿನ ಪಾದ್ರಿ ಹೋಗುವಾಗ ಚರ್ಚಿನ ಎರಡು ದೀಪ ಅವರ ಹೆಂಡತಿ ಜೊತೆ ಹೊರಟುಹೋದವು. ಆಮೇಲೆ ನಾವು ಹೆಂಗಸರೆಲ್ಲ ಸೇರಿ ಮಂಚದಿಂದ ಮಡಕೆವರೆಗೆ ಅಂಟಿಸಿದ್ವಿ."

"ಈಗಿನ ಪಾದ್ರಿಗಳಿಗೆ ಇದು ಗೊತ್ತಾ?"

"ಅಡುಗೆಮನೇಲಿ ಕಾಣುತ್ತಲ್ಲ, ಅಷ್ಟು ಗೊತ್ತಿರುತ್ತೆ. ಕನ್ನಡಿ ಬೆನ್ನಲ್ಲೂ ಇದೆ ಅಂತ ಯಾರು ಹೇಳ್ತಾರೆ? ಬಂದ ಪಾದ್ರಿಗೆ ನಿಮ್ಮ ಮೇಲೆ ನಮಗೆ ನಂಬಿಕೆ ಇಲ್ಲ ಅನ್ನೋಕಾಗುತ್ತಾ?"

ಜೂಡಿತ್ ಬೆಳಗಿನ ಕೈಯನ್ನು ನೆನೆದಳು, ಗಂಟಿನ ಮೇಲಿದ್ದದ್ದು. ನಿನ್ನೆಯ ಕೈಯನ್ನು ನೆನೆದಳು, ತನ್ನ ಮೊಣಕೈ ಹಿಡಿದಿದ್ದದ್ದು. ಎರಡೂ ಒಂದೇ ಕೈ. ಗುರುವಾರ ಅದು ಇನ್ನೇನನ್ನೋ ಹಿಡಿದಿತ್ತು. ಸ್ವಲ್ಪ ಇಳಿಸಿ, ಇನ್ನೂ ಸ್ವಲ್ಪ, ಹಾಂ. ಆಮೇಲೆ ಮೂರು ತಾಸು.

ಅವಳ ಮೊಣಕೈ ತಣ್ಣಗಾಯಿತು.

"ನನ್ನ ಕನ್ನಡಿ ಎಲ್ಲಿ ಹಾಗಾದ್ರೆ?" ಎಂದಳು ಆಲ್ಮಾ.

"ಬೆಳಿಗ್ಗೆ ಇದನ್ನ ತಾನೇ ತರ್ತೀನಿ ಅಂದ್ರು ಪಾದ್ರಿಗಳು. ನಿಮಗೆ ಫೋನ್ ಮಾಡಿದ್ರಾ?"

"ಮಧ್ಯಾಹ್ನ ಮಾಡಿದ್ರು. ಜೂಡಿತ್ ಕನ್ನಡಿ ತಂದುಕೊಟ್ಟಳಾ ಅಂತ. ಇನ್ನೂ ಇಲ್ಲ ಅಂದೆ. ತರಲಿ, ಐದು ಗಂಟೆಗೆ ನಾನೇ ಬಂದು ಗೋಡೆಗೆ ತೂಗುಹಾಕಿ ಕೊಡ್ತೀನಿ, ನೀವು ಬಿಚ್ಚೋಕೆ ಹೋಗಬೇಡಿ, ಭಾರ ಇರುತ್ತೆ ಅಂದರು. ಎಷ್ಟು ಒಳ್ಳೆಯವರು ಅಂದ್ಕೊಂಡೆ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

ಜೂಡಿತ್ ಹೂಬಟ್ಟೆಯ ಮಡಿಕೆ ಬಿಡಿಸಿದಳು. ಕನ್ನಡಿಯನ್ನು ಮೊದಲಿದ್ದಂತೆಯೇ ಸುತ್ತಿ, ಮೊದಲಿದ್ದಂತೆಯೇ ಗಂಟು ಹಾಕಿ, ಗೋಡೆಗೆ ಒರಗಿಸಿದಳು.

"ನಾನು ತಂದುಕೊಟ್ಟೆ ಅನ್ನಿ. ನೀವಿನ್ನೂ ಬಿಚ್ಚಿಲ್ಲ ಅನ್ನಿ. ಸಾಧ್ಯವಾದಷ್ಟು ಹೊತ್ತು ಮಾತಾಡಿಸ್ತಾ ಇರಿ."

"ಪಾದ್ರಿಗೆ ಸುಳ್ಳು ಹೇಳು ಅಂತೀಯಾ?"

"ಹೌದು."

ಆಲ್ಮಾ ಗಾಜಿನ ಚೂರನ್ನು ಒಂದು ಖಾಲಿ ಗುಂಡಿಡಬ್ಬಿಗೆ ಹಾಕಿ ಮುಚ್ಚಿದಳು. ಮೆತ್ತೆಯಿಂದ ಸೂಜಿಗಳನ್ನು ಕಿತ್ತು ಮತ್ತೆ ಬಾಯಿಗಿಟ್ಟುಕೊಂಡಳು. "ಹೇಗೂ ನಂಗೆ ಬಾಯಿ ತುಂಬಿರುತ್ತೆ," ಎಂದಳು, ಅವುಗಳ ಸಂದಿಯಿಂದ. "ನೀನು ಎಲ್ಲಿಗೆ ಹೊರಟೆ?"

ಜೂಡಿತ್ ಹೊರಗೆ ಕಾರಿನ ಕಡೆ ನೋಡಿದಳು. ಹಿಂದಿನ ಸೀಟಿನ ಬುಟ್ಟಿಯಲ್ಲಿ ಇನ್ನೊಂದೇ ಪಾತ್ರೆ ಉಳಿದಿತ್ತು. ಬೆಳಿಗ್ಗೆ ಹೊರಡುವ ಮುಂಚೆ ಅದನ್ನು ತಿಕ್ಕಿ ತೊಳೆದಿದ್ದಳು. ಒಡೆದ ಕನ್ನಡಿಯೋ, ಬಾಸ್ಟನ್‌ಗೆ ಹೋಯಿತೆಂದ ದಾಖಲೆ ಪುಸ್ತಕವೋ, ಪಾದ್ರಿ ಮನೆಯಲ್ಲಿ ಏನಾದರೂ ಇರಲೇಬೇಕು.

"ಬೀನ್ಸ್ ಮಡಕೆ ಕೊಡೋಕೆ," ಎಂದಳು.

"ಅವರು ಮನೇಲಿರಲ್ಲ ಕಣೇ ಈಗ."

"ಗೊತ್ತು."

ಆಲ್ಡರ್‌ಹ್ಯಾಮ್‌ನಲ್ಲಿ ಹಿಂಬಾಗಿಲು ಯಾವಾಗಲೂ ತೆಗೆದೇ ಇರುತ್ತದೆ.